ಹತ್ತು ದಿನದ ಸಪ್ಪೆ ಸಾರು

ಜನವರಿ 10, 2004. ಶನಿವಾರ, ಬೆಳಿಗ್ಗೆ

ಸ್ನಾನ ಮುಗಿಸಿ ಮಡಿ ಉಟ್ಟು ದೇವರ ಮನೆಗೆ ಹೋದರೆ ಬಾಗಿಲಿಗೆ ಗೋದಾ ಅಡ್ಡ ನಿಂತಿದ್ದಾಳೆ. ಇವತ್ತಿನಿಂದ ಪೂಜೆ ಬೇಡವಂತೆ. ಡಾಕ್ಟರ್ ಹೇಳಿದ್ದಾರಂತೆ. ಬಗ್ಗಬಾರದು, ನೆಲಕ್ಕೆ ಕೂಡಬಾರದು, ಎದೆಗೆ ಭಾರ.

"ಯಾವ ಡಾಕ್ಟರ್? ಯಾವಾಗ ಹೇಳ್ಯಾನ?"

"ನಿನ್ನೆ ಅಮೇಯಗ ಫೋನ್ ಮಾಡಿದ್ರು. ಆಪರೇಷನ್ ಆಗೂತನಕಾ ಬ್ಯಾಡ ಅಂದಾರ. ಹಟಾ ಮಾಡಬ್ಯಾಡ್ರಿ."

ಸಂಡಾಸದಲ್ಲಿ ಕುಕ್ಕರಗಾಲಲ್ಲಿ ಕೂಡಬಹುದು, ದೇವರ ಮುಂದೆ ಮಣೆ ಹಾಕಿ ಕೂಡಬಾರದು. ಭಲೆ! ಮುಂಜಿಯಾದ ದಿನದಿಂದ ಮಾಡಿಕೊಂಡು ಬಂದ ಪೂಜೆ. ಮೂರು ರಕ್ತನಾಳ ಬ್ಲಾಕ್ ಆದವನಿಗೆ ದೇವರು ಬೇಕಾಗುವುದು ಈಗಲೇ ಅಲ್ಲವೇ? ಹೆಂಡತಿಗೆ, ಎದುರಿಗಿಲ್ಲದ ಮಗನಿಗೆ, ಡಾಕ್ಟರಿಗೆ—ಎಲ್ಲರಿಗೂ ಬೈದೆ. ಗೋದಾ ತಿರುಗಿ ಬೈಯಲಿಲ್ಲ. ಅದೇ ವಿಚಿತ್ರ. ಕಣ್ಣು ಊದಿಕೊಂಡಿದ್ದವು. ನೆಗಡಿ ಅಂದಳು.

22ಕ್ಕೆ ಬೈಪಾಸ್.

ಜನವರಿ 11, ರವಿವಾರ

ಅಣ್ಣನ ಫೋನ್ ಬರಲಿಲ್ಲ. ರವಿವಾರ ಹತ್ತಕ್ಕೆ ಬೆಳಗಾವಿಯಿಂದ ಅವನ ಫೋನ್ ಬರಲೇಬೇಕು. ರೈಲ್ವೆಯ ಇಂಜಿನ್ ಶೆಡ್ಡಿನಲ್ಲಿ ದುಡಿದು ಕಿವಿ ಕಳಕೊಂಡವನು. ಫೋನಿನಲ್ಲಿ ಮಾತಾಡುವುದಿಲ್ಲ, ಕೂಗುತ್ತಾನೆ. ಇಲ್ಲಿ ಪುಣೆಯ ನಿಗಡಿಯಲ್ಲಿ ನಮ್ಮ ಓಣಿಗೆಲ್ಲಾ ಕೇಳಿಸುತ್ತದೆ. ಹೋದ ವಾರವೂ ಕೂಗಿದ— "ಶ್ಯಾಮೂ, ಒಂದ ಸಲಾ ಎದಿ ತೆಗಸಿಬಿಡು. ಒಳಗ ಹಾರ್ಟ್ ಅದನೋ, ಬರೇ ಸಿಟ್ಟ ತುಂಬೇದನೋ, ಅವರರ ನೋಡಲಿ!" ಹೆಸರು ಮಾತ್ರ ಅವಧೂತ. ಆಡುವುದೆಲ್ಲಾ ಇಂಥ ಮಾತು.

ಹನ್ನೊಂದರವರೆಗೆ ಫೋನಿನ ಹತ್ತಿರ ಕೂತೆ. ನಾನೇ ಹಚ್ಚುತ್ತೇನೆ ಅಂದರೆ ಗೋದಾ, "ಬೆಳಗಾವಿ ಲೈನ್ ಕೆಟ್ಟದ" ಅಂದಳು. ಇವಳಿಗೆ ಹೇಗೆ ಗೊತ್ತು? ಅಮೇಯನನ್ನು ಕೇಳೋಣವೆಂದರೆ ಅವನು ಶುಕ್ರವಾರವೇ ಆಫೀಸಿನ ಕೆಲಸ ಅಂತ ಕೊಲ್ಹಾಪುರಕ್ಕೆ ಹೋಗಿದ್ದಾನೆ.

ಊಟಕ್ಕೆ ಸಾರು. ಒಗ್ಗರಣೆ ಇಲ್ಲ. ಇಂಗು ಇಲ್ಲ, ಸಾಸಿವೆ ಇಲ್ಲ, ಕರಿಬೇವು ಇಲ್ಲ. ಎಣ್ಣೆ ಬಂದ್—ಡಾಕ್ಟರ್ ಹೇಳಿದ್ದಾರೆ. ಈ ಡಾಕ್ಟರ್ ಎದೆ ಕೊಯ್ಯುವ ಮೊದಲೇ ನನ್ನ ನಾಲಿಗೆ ಕೊಯ್ದಿದ್ದಾನೆ.

ಜನವರಿ 13, ಮಂಗಳವಾರ

ಅಮೇಯ ಕೊಲ್ಹಾಪುರದಿಂದ ಬಂದಿದ್ದಾನೆ. ಗಡ್ಡ ಬಿಟ್ಟಿದ್ದಾನೆ. ಇನ್ಶೂರೆನ್ಸ್ ಆಫೀಸಿನವನು, ಗಡ್ಡ ಹೆರೆಯದೆ ಹೊಸ್ತಿಲು ದಾಟಿದವನಲ್ಲ. "ಏನಪಾ, ಸನ್ಯಾಸಾ ತಗೊಂಡ್ಯೇನು?" ಎಂದೆ. ಹೊಸ ಬ್ಲೇಡಿನಿಂದ ಅಲರ್ಜಿ ಆಗಿದೆಯಂತೆ. ಮುಖ ನೋಡಿ ಮಾತಾಡಲಿಲ್ಲ.

ಮಧ್ಯಾಹ್ನ ಸೊಸೆ ಸುರಭಿಯ ತಟ್ಟೆ ನೋಡಿದೆ. ಅವಳಿಗೂ ಅದೇ ಸಪ್ಪೆ ಸಾರು. ಬೇಳೆ, ನೀರು, ಉಪ್ಪು.

"ನಿನಗೂ ಬೈಪಾಸ್ ಅದ ಏನವಾ?"

"ನಿಮಗ ಬ್ಯಾಡಂದ ಮ್ಯಾಲೆ ನಮಗ್ಯಾಕ್ರಿ ಮಾವಾ..." ಅಂದಳು, ಅರ್ಧ ಊಟಕ್ಕೆ ಎದ್ದು ಒಳಗೆ ಹೋದಳು. ನಲ್ಲಿ ಬಿಟ್ಟ ಸಪ್ಪಳ. ನಲ್ಲಿಯ ಸಪ್ಪಳದ ಒಳಗೆ ಅಳುವ ಸಪ್ಪಳ.

ಭೋಸರಿಯ ಕಾರ್ಖಾನೆಯಲ್ಲಿ ಮೂವತ್ತು ವರ್ಷ ಗೇಜ್ ಹಿಡಿದು ಮಾಲು ಪಾಸು-ಫೇಲು ಮಾಡಿದವನು ನಾನು. ಕೂದಲೆಳೆಯಷ್ಟು ಹೆಚ್ಚುಕಡಿಮೆ ಇದ್ದರೂ ಕಣ್ಣಿಗೆ ಬೀಳುತ್ತದೆ. ಈ ಮನೆಯಲ್ಲಿ ಏನೋ ಅಳತೆ ತಪ್ಪಿದೆ. ನನ್ನ ರಿಪೋರ್ಟಿನಲ್ಲಿ ಕೆಟ್ಟದ್ದು ಬಂದಿದೆಯೇ? ಬಂದಿದ್ದರೆ ಹೇಳಲಿಕ್ಕೇನು ಧಾಡಿ?

ಜನವರಿ 16, ಶುಕ್ರವಾರ

ಸಂಕ್ರಾಂತಿ ಬಂತು, ಹೋಯಿತು. ನಮ್ಮ ಮನೆಯಲ್ಲಿ ಎಳ್ಳಿಲ್ಲ, ಬೆಲ್ಲ ಇಲ್ಲ, ಕುಸುರೆಳ್ಳು ಇಲ್ಲ. ಸಕ್ಕರೆ ಬಂದ್, ಡಾಕ್ಟರ್ ಹೇಳಿದ್ದಾರೆ! ಪಕ್ಕದ ಮನೆಯ ಶೀತಲ್ ತಿಳಗುಳದ ಎಳ್ಳುಂಡೆ ಹಿಡಿದು ಬಂದಳು. ಗೋದಾ ಬಾಗಿಲಲ್ಲೇ ತಡೆದು ಮರಾಠಿಯಲ್ಲಿ ಪಿಸುಗುಟ್ಟಿದಳು. ನಾನು ಪರದೆಯ ಹಿಂದೆಯೇ ಇದ್ದೆ.

"ಆಮ್ಹಾಲಾ ಸುತಕ ಆಹೇ."

ನಮಗೆ ಸೂತಕ ಇದೆ. ಶೀತಲ್ ಚಪ್ಪಲಿ ಬಿಟ್ಟು ಒಳಗೆ ಬಂದಳು, ನಮ್ಮ ದೇವರ ಮನೆಗೆ ಹೋಗಿ ದೀಪ ಹಚ್ಚಿದಳು, ಸುಮ್ಮನೆ ಹೋದಳು. ನಮ್ಮವರು ಯಾರೂ ದೀಪ ಮುಟ್ಟುವ ಹಾಗಿಲ್ಲ.

ಆಗ ಎಲ್ಲಾ ಅಳತೆಗೆ ಕೂತಿತು. ಪೂಜೆ ಬಂದ್, ಒಗ್ಗರಣೆ ಬಂದ್, ಹಬ್ಬ ಬಂದ್. ಗಡ್ಡ. ಅಮೇಯ ಹೋದದ್ದು ಕೊಲ್ಹಾಪುರಕ್ಕಲ್ಲ, ಬೆಳಗಾವಿಗೆ. ಡಾಕ್ಟರ್ ಏನೂ ಹೇಳಿಲ್ಲ. ಹೃದಯದ ಪಥ್ಯವೂ ಸತ್ತ ಮನೆಯ ಊಟವೂ ಒಂದೇ ಥರ ಇರುವುದು ಇವರಿಗೆ ಅನುಕೂಲವಾಯಿತು.

ನಮ್ಮ ಮನೆತನದಲ್ಲಿ ಹಿರಿಯರು ಅಂತ ಉಳಿದವನು ಒಬ್ಬನೇ.

ಅಣ್ಣ ಹೋದ.

ಬರೆದೆ. ಅಳು ಬರುತ್ತಿಲ್ಲ, ಸಿಟ್ಟು ಬರುತ್ತಿದೆ. ಇಡೀ ಮನೆ ನನ್ನ ಅಣ್ಣನಿಗಾಗಿ ಅಳುತ್ತಿದೆ—ನಲ್ಲಿ ಬಿಟ್ಟುಕೊಂಡು, ನೆಗಡಿ ಅಂದುಕೊಂಡು. ಪಕ್ಕದ ಮನೆಯ ಹುಡುಗಿಗೂ ಗೊತ್ತು. ಅವನ ಬೆನ್ನಿಗೆ ಬಿದ್ದ ತಮ್ಮ ನಾನು. ನನ್ನೊಬ್ಬನಿಗೆ ಅಳಲಿಕ್ಕೆ ಪರವಾನಗಿ ಇಲ್ಲ.

ಜನವರಿ 18, ರವಿವಾರ

ಹತ್ತು ಗಂಟೆ. ಫೋನ್ ಸುಮ್ಮನೆ ಕೂತಿದೆ, ಅದರ ಎದುರು ನಾನು. ಗೋದಾ ಟಿ.ವಿ. ಜೋರು ಮಾಡಿದಳು.

ಕೇಳಿಬಿಡಲೇ? ಬಾಯಿತನಕ ಬಂತು. ಕೇಳಿದರೆ ಏನಾಗುತ್ತದೆ ಗೊತ್ತು. ಗೋದಾ ಕುಸಿಯುತ್ತಾಳೆ. ಅಮೇಯ ಡಾಕ್ಟರಿಗೆ ಫೋನ್ ಮಾಡುತ್ತಾನೆ. ಆಪರೇಷನ್ ಮುಂದಕ್ಕೆ ಹೋಗುತ್ತದೆ. ಅಲ್ಲಿಯವರೆಗೆ ಈ ಎದೆ ತಡೆಯುತ್ತದೆ ಅಂತ ಯಾರು ಬರೆದುಕೊಟ್ಟಿದ್ದಾರೆ?

ಮತ್ತೆ, ನಾನ್ಯಾಕೆ ಕೇಳಬೇಕು? ಹೇಳಬೇಕಾದವರು ಅವರು. ನಮ್ಮಲ್ಲಿ ಸಾವಿನ ಸುದ್ದಿ ಹೇಳಿಸಿಕೊಂಡ ಮೇಲೇ ಸೂತಕ. ಹೇಳದಿದ್ದರೆ ಸೂತಕ ಇಲ್ಲ, ಸ್ನಾನ ಇಲ್ಲ, ಒಂದು ಹನಿ ಎಳ್ಳುನೀರೂ ಇಲ್ಲ. ಭಟ್ಟರನ್ನು ಕೇಳಿಯೇ ಇದನ್ನೆಲ್ಲಾ ಮಾಡಿರುತ್ತಾರೆ. 'ಅವರಿಗೆ ಗೊತ್ತಿಲ್ಲಂದ್ರ ಅವರಿಗೆ ಬಾಧಿಲ್ಲ' ಅಂದಿರುತ್ತಾರೆ ಮಹಾರಾಯರು. ಅಂದರೆ ಈ ಮನೆಯಲ್ಲಿ ಎಲ್ಲರಿಗೂ ಅಣ್ಣ ಸತ್ತಿದ್ದಾನೆ, ನನ್ನ ಲೆಕ್ಕಕ್ಕೆ ಜೀವಂತ ಇದ್ದಾನೆ.

ಅವರೇ ಹೇಳಲಿ. ಕಾಯುತ್ತೇನೆ.

ಜನವರಿ 20, ಮಂಗಳವಾರ

ಸಾರಿಗೆ ಒಗ್ಗರಣೆ ಬಂತು! ಇಂಗು, ಸಾಸಿವೆ, ಮೇಲೆ ತುಪ್ಪ. ಅಮೇಯನ ಗಡ್ಡ ಹೋಯಿತು, ಅಲರ್ಜಿ ವಾಸಿ. ಗೋದಾ ತಾನೇ ದೀಪ ಹಚ್ಚಿದಳು. ಹತ್ತು ದಿನ ಮುಗಿದವು. ಎಲ್ಲರೂ ಸ್ನಾನ ಮಾಡಿ ಶುದ್ಧವಾದರು. ನಾಡಿದ್ದು ಎದೆ ಕೊಯ್ಯಿಸಿಕೊಳ್ಳುವವನಿಗೆ ಇವತ್ತು ತುಪ್ಪ—ಈಗ ಡಾಕ್ಟರ್ ಏನೂ ಅನ್ನಲಿಲ್ಲವೇ?

ಒಂದು ತುತ್ತೂ ಇಳಿಯಲಿಲ್ಲ. ತಟ್ಟೆ ದೂಡಿದೆ. "ಅಂಜಬ್ಯಾಡ್ರಿ, ಎಲ್ಲಾ ಛಲೋ ಆಗತದ" ಅಂದಳು ಗೋದಾ. ಯಾರಿಗೆ ಅಂಜಿಕೆ? ನನಗೇನೂ ಅಂಜಿಕೆ ಇಲ್ಲ.

ಜನವರಿ 21, ಬುಧವಾರ, ಸಂಜೆ. ಆಸ್ಪತ್ರೆ

ಎದೆ ಬೋಳಿಸಿದರು. ನರ್ಸ್ ಬಂದು ಪ್ರಶ್ನೆ ಕೇಳಿದಳು. ಹಲ್ಲಿನ ಸೆಟ್ಟು ಇದೆಯೇ? ಸಿಗರೇಟು? ಯಾವ ಔಷಧಿ ಆಗಿಬರುವುದಿಲ್ಲ? ಇವತ್ತು ಹೊಟ್ಟೆ ಸಾಫ್ ಆಯಿತೇ? ಹೊಟ್ಟೆಯತನಕ ಇಳಿದಳು, ಮನಸ್ಸಿನ ವಿಷಯ ಕೇಳಲಿಲ್ಲ. ಕೇಳಿದ್ದರೆ ಹೇಳುತ್ತಿದ್ದೆನೋ ಏನೋ. "ಬಾಕಿ ಸಗಳಂ ಠೀಕ್ ನಾ, ಕಾಕಾ?" ಅಂದಳು. ಉಳಿದದ್ದೆಲ್ಲಾ ಸರಿಯೇ ಅಂತ. ಠೀಕ್ ಅಂದೆ.

ಪಕ್ಕದ ಮಂಚದ ಗೂಳಪ್ಪ, ಪಿಂಪ್ರಿಯಲ್ಲಿ ಬಟ್ಟೆ ಅಂಗಡಿ ಇಟ್ಟವನು, ಅವನಿಗೂ ನಾಳೆಯೇ ಬೈಪಾಸ್. ಹೆಂಡತಿ ನಾಗವ್ವನ ಕೈ ಹಿಡಿದು ಗೊಳೋ ಅಂತ ಅತ್ತ. "ನಾ ಸತ್ತರ ಹ್ಯಾಂಗ ಮಾಡ್ತೀಯ!" ಅಂತ ಅವನು, "ಹಾಂಗ ಅನಬ್ಯಾಡ್ರಿ!" ಅಂತ ಅವಳು. ವಾರ್ಡೆಲ್ಲಾ ನೋಡಿತು. ನಾಚಿಕೆಗೆಟ್ಟವನು. ಅತ್ತು ಮುಗಿಸಿ ಗೊರಕೆ ಹೊಡೆಯುತ್ತಿದ್ದಾನೆ.

ಹೋಗುವ ಮೊದಲು ಅಮೇಯ ಕಿವಿಯ ಹತ್ತಿರ ಬಗ್ಗಿದ. "ದೊಡ್ಡಪ್ಪನ ಫೋನ್ ಬಂದಿತ್ತಪ್ಪಾ. ಆಶೀರ್ವಾದ ಹೇಳ್ಯಾರ. ಧೈರ್ಯಾದಿಂದ ಇರು ಅಂದಾರ."

ಕಪಾಳಕ್ಕೆ ಹೊಡೆಯಬೇಕು ಅನಿಸಿತು. ಸತ್ತವನ ಬಾಯಲ್ಲಿ ಸುಳ್ಳು ಇಡುತ್ತೀಯೇನೋ! "ಆತು" ಅಂದೆ. ಹಲ್ಲು ಕಚ್ಚಿ ಕಚ್ಚಿ ದವಡೆ ನೋಯುತ್ತಿದೆ.

ಫೆಬ್ರವರಿ 19

ಪೆನ್ನು ಹಿಡಿಯಲಿಕ್ಕೆ ಇವತ್ತು ಬಂತು. ಬದುಕಿದ್ದೇನೆ. ಎದೆಯ ಮೂಳೆ ಸೀಳಿ, ತಂತಿ ಹಾಕಿ ಹೊಲಿದಿದ್ದಾರೆ. ಕೆಮ್ಮು ಬಂದಾಗ ಎದೆಗೆ ಅವುಚಿಕೊಳ್ಳಲು ಒಂದು ಸಣ್ಣ ದಿಂಬು ಕೊಟ್ಟಿದ್ದಾರೆ. ದಿಂಬು ಬಿಟ್ಟು ಕೂಡುವುದಿಲ್ಲ, ಏಳುವುದಿಲ್ಲ. ನೋವು... ಸಾಕು.

ಏಪ್ರಿಲ್ 22, ಗುರುವಾರ

ಮೂರು ತಿಂಗಳ ಚೆಕಪ್. ಸರ್ಜನ್ ಎಕ್ಸ್-ರೇ ಬೆಳಕಿಗೆ ಹಿಡಿದ, "ಏಕದಮ್ ಛಾನ!" ಅಂದ, ಎಲ್ಲಾ ಚೆನ್ನಾಗಿದೆಯಂತೆ. ನೋವು ಇದೆ ಅಂದೆ. ವಯಸ್ಸಾಯಿತು ಕಾಕಾ, ನಿಧಾನಕ್ಕೆ ಹೋಗುತ್ತದೆ ಅಂದ. ಭೋಸರಿಯಲ್ಲಿ ನಾನೂ ಓಕೆ ಚೀಟಿ ಹಚ್ಚುತ್ತಿದ್ದೆ. ಆದರೆ ಹಚ್ಚುವ ಮೊದಲು ಮಾಲು ಕೈಯಲ್ಲಿ ಹಿಡಿದು ನೋಡುತ್ತಿದ್ದೆ. ಇವನು ನನ್ನ ಮುಖವನ್ನೂ ನೋಡಲಿಲ್ಲ.

ಹೊರಗೆ ಗೂಳಪ್ಪ ಸಿಕ್ಕ. ನನಗಿಂತ ದೊಡ್ಡವನು, ಸಕ್ಕರೆ ಕಾಯಿಲೆ ಬೇರೆ. ಅದೇ ಸರ್ಜನ್, ಅದೇ ಕೊಯ್ತ. ಸ್ಕೂಟರ್ ಹೊಡೆದುಕೊಂಡು ಬಂದಿದ್ದಾನೆ! "ನಿಮ್ಮದೇನ್ರಿ ಸರ, ಇನ್ನೂ ದಿಂಬು ಬಿಟ್ಟಿಲ್ಲ?" ಅಂದ. ಅವನಿಗೆ ಯಾಕೆ ನೋವಿಲ್ಲ? ನನಗೆ ಯಾಕೆ ಇದೆ? ರಿಕ್ಷಾದಲ್ಲಿ ಪ್ರತಿ ಗುಂಡಿಗೂ ಅವನನ್ನು ಬೈದೆ, ಪಾಪ.

ಜೂನ್ 6, ರವಿವಾರ

ಅಮೇಯ ಒತ್ತಾಯ ಮಾಡಿ ಪಾರ್ಕಿನ ಹಾಸ್ಯ ಕ್ಲಬ್ಬಿಗೆ ಬಿಟ್ಟು ಬಂದ. ಇಪ್ಪತ್ತು ಮುದುಕರು ವರ್ತುಲವಾಗಿ ನಿಂತು ಕೈ ಮೇಲೆತ್ತಿ ಹೋ ಹೋ ಹಾ ಹಾ. ನಕ್ಕರೆ ಎಲ್ಲಾ ರೋಗ ಹೋಗುತ್ತದಂತೆ. ಬಿಳಿ ಟೋಪಿಯ ಲೀಡರ್ ನನ್ನ ಹತ್ತಿರ ಬಂದು, ನಗಿರಿ ಸಾಹೇಬ, ಮನಸ್ಸು ಪಾಸಿಟಿವ್ ಇಡಿ ಅಂದ. ನಿನ್ನ ಎದೆ ಗರಗಸ ಹಾಕಿ ಕೊಯ್ದು ತಂತಿ ಬಿಗಿದು ಕಳಿಸುತ್ತೇನೆ, ಆಮೇಲೆ ಹೋ ಹೋ ಅನ್ನು ಅಂದೆ. ಎತ್ತಿದ ಕೈಗಳೆಲ್ಲಾ ಇಳಿದವು. ಒಬ್ಬನೇ ನಡೆದು ಮನೆಗೆ ಬಂದೆ.

ಈ ಕತೆ ಅಣ್ಣನಿಗೆ ಹೇಳಿದ್ದರೆ ನಿಜವಾಗಿ ನಗುತ್ತಿದ್ದ.

ಜುಲೈ 11, ರವಿವಾರ

ಜನಿವಾರ ಗಾಯಕ್ಕೆ ತಾಗಿದರೆ ಬೆಂಕಿ. ಹತ್ತಿಯ ಎಳೆ! ಬನಿಯನ್ ಬೇಡ, ಹೊದಿಕೆ ಬೇಡ. ಜನಿವಾರವನ್ನು ಬೆನ್ನಿಗೆ ಸರಿಸಿಕೊಂಡು ತಿರುಗುತ್ತೇನೆ.

ಅಣ್ಣನ ಬಗ್ಗೆ ಈಗ ಹೊಸ ಕತೆ. ಕಿವಿ ಪೂರ್ತಿ ಹೋಗಿದೆ, ಫೋನಿಗೆ ಬರುವುದಿಲ್ಲ. ಅವನ ಹೆಂಡತಿ, ಅಂಬಾ ವೈನಿ? ಮಗಳ ಮನೆಗೆ ಹೋಗಿದ್ದಾರೆ. ಎಷ್ಟು ನುಣ್ಣಗೆ ಹೇಳುತ್ತಾಳೆ ಗೋದಾ! ಮೊದಲು ಆಪರೇಷನ್ ಆಗಲಿ ಅಂತ ಹೇಳಲಿಲ್ಲ. ಆಮೇಲೆ ಗಾಯ ಮಾಯಲಿ ಅಂತ. ಈಗ ನೋವು ಹೋಗಲಿ ಅಂತ ಕಾಯುತ್ತಿದ್ದಾರೆ. ನೋವು ಹೋಗುವುದಿಲ್ಲ, ಇವರು ಹೇಳುವುದಿಲ್ಲ. ಗೋದಾ ತೆಳ್ಳಗಾಗಿದ್ದಾಳೆ. ನೋಡಿದರೆ ಅಯ್ಯೋ ಅನಿಸುತ್ತದೆ, ಬಾಯಿ ತೆರೆದರೆ ಮೈ ಉರಿಯುತ್ತದೆ.

ಸಂಜೆ ಅಮೇಯ ಸುರಭಿಗೆ ಹೇಳುತ್ತಿದ್ದ— "ರಿಪೋರ್ಟ್ ಎಲ್ಲಾ ನಾರ್ಮಲ್ ಅವ. ಅಪ್ಪಗ ಒಂಚೂರ ಅಟೆನ್ಶನ್ ಬೇಕಾಗೇದ, ಅಷ್ಟ." ಅಟೆನ್ಶನ್! ಕೈಯಲ್ಲಿದ್ದ ಲೋಟ ಗೋಡೆಗೆ ಒಗೆದೆ. ಒಗೆದದ್ದಕ್ಕೆ ಎದೆ ಮತ್ತೆ ಬಿರಿದ ಹಾಗಾಯಿತು. ಗೋದಾ ದಿಂಬು ಹಿಡಿದು ಓಡಿ ಬಂದಳು.

ಅಕ್ಟೋಬರ್ 8, ಶುಕ್ರವಾರ

ಪಿತೃಪಕ್ಷ, ಅಪ್ಪನ ತಿಥಿ. ಭಟ್ಟರು ಬಂದಿದ್ದರು. ಸ್ಟೂಲಿನ ಮೇಲೆ ಕೂತು ತರ್ಪಣ ಬಿಟ್ಟೆ. ಅಪ್ಪ, ಅಜ್ಜ, ಮುತ್ತಜ್ಜ, ಅವ್ವ. ತೀರಿಹೋದವರ ಹೆಸರು ಒಂದೊಂದಾಗಿ ಹೇಳಿ ಎಳ್ಳುನೀರು ಬಿಡಬೇಕು. ಒಡಹುಟ್ಟಿದವರ ಸರದಿ ಬಂತು. ಭಟ್ಟರು ಗಂಟಲು ಸರಿಮಾಡಿಕೊಂಡರು. ಅಡುಗೆಮನೆಯ ಬಾಗಿಲಲ್ಲಿ ಗೋದಾ ಉಸಿರು ಹಿಡಿದು ನಿಂತಿದ್ದಳು. ಭಟ್ಟರು ಅವಳ ಮುಖ ನೋಡಿದರು, ಮುಂದಿನ ಮಂತ್ರಕ್ಕೆ ಹಾರಿದರು.

ಎಳ್ಳು ಅಂಗೈಯಲ್ಲೇ ಉಳಿಯಿತು. ಅಣ್ಣನ ಹೆಸರು ಹೇಳಿ ಒಂದು ಹನಿ ನೀರು ಬಿಡಲು ನನಗೆ ಆಗಲಿಲ್ಲ.

ಅಕ್ಟೋಬರ್ 11

ಹಾಸಿಗೆ ಬಿಟ್ಟು ಎದ್ದಿಲ್ಲ. ದಿಂಬು.

ನವೆಂಬರ್ 23, ಮಂಗಳವಾರ

ಪೇನ್ ಕ್ಲಿನಿಕ್ಕಂತೆ. ಹೊಸದು. ಅಮೇಯ ಕರೆದೊಯ್ದ. ಡಾ. ಮಾಧುರಿ, ನನ್ನ ಸೊಸೆಗಿಂತ ಸ್ವಲ್ಪ ದೊಡ್ಡವಳು. ಅಮೇಯನನ್ನು ಹೊರಗೆ ಕೂರಿಸಿದಳು. ಎಕ್ಸ್-ರೇ ಪಕ್ಕಕ್ಕಿಟ್ಟು ಮೊದಲ ಪ್ರಶ್ನೆ ಕೇಳಿದಳು—ಆಪರೇಷನ್ನಿಗೆ ಹೋಗುವ ಮೊದಲು ನಿಮ್ಮ ಮನಸ್ಸು ಹೇಗಿತ್ತು?

ಹರಿಹಾಯ್ದೆ. ನೋವು ಎದೆಯಲ್ಲಿದೆ, ತಲೆಯಲ್ಲಿಲ್ಲ! ನನಗೆ ಹುಚ್ಚು ಅಂತೀರೇನು? ಅವಳು ಬೆದರಲಿಲ್ಲ. ನೋವು ಎದೆಯಲ್ಲೇ ಇದೆ, ನಿಜವಾಗಿಯೂ ಇದೆ ಅಂದಳು. ಗಾಯ ಒಂದೇ ಥರದ್ದಾದರೂ ದುಃಖ, ಅಂಜಿಕೆ, ಸಿಟ್ಟು ಒಳಗೆ ಕಟ್ಟಿಕೊಂಡು ಟೇಬಲ್ ಮೇಲೆ ಮಲಗಿದವರನ್ನು ನೋವು ಬೇಗ ಬಿಡುವುದಿಲ್ಲ, ವಯಸ್ಸಾದವರನ್ನಂತೂ ವರ್ಷಗಟ್ಟಲೆ ಹಿಡಿದುಕೊಂಡದ್ದು ನೋಡಿದ್ದೇನೆ. ಎಲ್ಲರಿಗೂ ಹಾಗಾಗುತ್ತದೆ ಅಂತಲ್ಲ. ಅದಕ್ಕೇ ಕೇಳುತ್ತೇನೆ. ನಿಮ್ಮನ್ನು ಆಗ ಯಾರೂ ಕೇಳಲಿಲ್ಲವೇ?

ಯಾರೂ ಕೇಳಲಿಲ್ಲ.

"ಮಾಝಾ ಭಾವೂ ಗೇಲಾ," ಅಂದೆ. ನನ್ನ ಅಣ್ಣ ಹೋದ.

ಹತ್ತು ತಿಂಗಳಲ್ಲಿ ಮೊದಲ ಸಲ ಬಾಯಿಂದ ಹೊರಗೆ ಬಂತು. ಅದೂ ಮರಾಠಿಯಲ್ಲಿ, ಗುರುತಿಲ್ಲದ ಹೆಂಗಸಿನ ಮುಂದೆ. ಎಲ್ಲಾ ಹೇಳಿದೆ. ಸಪ್ಪೆ ಸಾರು, ಗಡ್ಡ, ತಿಳಗುಳ. ಅವಳು ಬರೆಯುವುದು ಬಿಟ್ಟು ಕೇಳಿದಳು. ಗುಳಿಗೆ ಬದಲಿಸಿದಳು, ಭುಜದ ವ್ಯಾಯಾಮ ತೋರಿಸಿದಳು. ಮನೆಯಲ್ಲಿ ಈ ಮಾತು ಇನ್ನೂ ಎಷ್ಟು ದಿನ ಬಾಕಿ ಇಡುತ್ತೀರಿ ಅಂತ ಕೇಳಿದಳು.

ನವೆಂಬರ್ 24, ಬುಧವಾರ

ಬೆಳಿಗ್ಗೆ ಅಮೇಯ ಬೂಟು ಹಾಕುತ್ತಿದ್ದ. ಸುರಭಿ ಒಗ್ಗರಣೆಗೆ ಎಣ್ಣೆ ಕಾಯಿಸುತ್ತಿದ್ದಳು. ಅಡುಗೆಮನೆಗೆ ಹೋಗಿ ಗ್ಯಾಸ್ ಆರಿಸಿದೆ.

"ಇವತ್ತ ಒಗ್ಗರಣಿ ಬ್ಯಾಡ. ಇನ್ನ ಹತ್ತ ದಿನಾ ಬ್ಯಾಡ."

ಗೋದಾಳ ಕೈಯಿಂದ ಸೌಟು ಬಿತ್ತು. "ಯಾರ ಹೇಳಿದ್ರು ನಿಮಗ?"

"ಯಾರೂ ಹೇಳಿಲ್ಲ! ಅದ ನನ್ನ ಸಿಟ್ಟು! ಸಂಕ್ರಾಂತಿಗೇ ಗೊತ್ತಾಗೇದ ನನಗ. ನಿಮ್ಮ ಸಪ್ಪನ ಸಾರು ಹೇಳೇದ, ಇವನ ಗಡ್ಡಾ ಹೇಳೇದ. ನಿಮ್ಮ ಬಾಯಿ ಹೇಳಿಲ್ಲ. ನಂದೂ ಸೂತಕ ಅದ, ಅದನ್ನ ನನಗ ಕೊಡ್ರಿ. ಹೇಳ್ರಿ ಈಗ!"

"ಅಪ್ಪಾ, ನಿಮ್ಮ ಹಾರ್ಟ್..." ಅಂದ ಅಮೇಯ.

"ಹಾರ್ಟಿಗೆ ಬೆಂಕಿ ಹಚ್ಚು! ಸತ್ತವನ ಆಶೀರ್ವಾದಾ ತಂದು ಹೇಳಿದ್ಯಲ್ಲೋ, ಅವಾಗ ಒಡೀಲಿಲ್ಲ ಹಾರ್ಟು, ಈಗ ಒಡೀತದೇನು?"

ಅವನು ಒಂದು ಕಾಲಲ್ಲಿ ಬೂಟು ಹಾಕಿಕೊಂಡು ಹಾಗೇ ನಿಂತ. ಗೋದಾ ಸೆರಗಿಗೆ ಕೈ ಒರೆಸಿಕೊಂಡು ನನ್ನ ಎದುರು ಬಂದಳು.

"ಭಾವನವರು ಹೋದ್ರು. ಜನವರಿ ಒಂಬತ್ತಕ್ಕ, ಮುಂಜಾನೆ. ಚಹಾ ಕುಡದು ಪೇಪರ್ ಓದಕೋತ ಕೂತವರು ಹಾಂಗ ಹೋದ್ರು. ನಿಮಗ ಹೇಳಿದ್ರ ನಿಮಗೂ ಏನರ ಆದ್ರ... ಎರಡೂ ನಾ ಹ್ಯಾಂಗ ತಡಕೊಳ್ಳಲಿ ಅಂತ ಅಂಜಿದೆ. ಆಮ್ಯಾಲೆ ಹೇಳಲಿಕ್ಕೆ ಬಾಯೇ ಬರಲಿಲ್ರಿ."

ಕೇಳಿದೆ. ಕನ್ನಡದಲ್ಲಿ ಕೇಳಿದೆ. ಬಚ್ಚಲಿಗೆ ಹೋಗಿ ತಲೆಯ ಮೇಲೆ ನೀರು ಹೊಯ್ದುಕೊಂಡೆ. ಅಮೇಯ ಆಫೀಸಿಗೆ ಹೋಗಲಿಲ್ಲ. ಭಟ್ಟರಿಗೆ ಫೋನ್ ಮಾಡಿದ. ಇಷ್ಟು ತಡವಾಗಿ ಸುದ್ದಿ ಕೇಳಿದವರಿಗೆ ಒಂದು ದಿನ ಸಾಕಂತೆ.

"ಅವರಿಗೆ ಹೇಳು," ಎಂದೆ, "ನನಗ ಒಂದ ದಿನಾ ಸಾಲೂದಿಲ್ಲ. ಹತ್ತೂ ಬೇಕು."

ನವೆಂಬರ್ 28, ರವಿವಾರ

ಸಪ್ಪೆ ಸಾರು. ಗಡ್ಡ ತುರಿಸುತ್ತದೆ. ಎದೆ ನೋಯುತ್ತದೆ—ಹೌದು, ಇನ್ನೂ. ಡಾ. ಮಾಧುರಿ ಮೊದಲೇ ಹೇಳಿದ್ದಾಳೆ, ಅತ್ತ ಕೂಡಲೇ ಹೋಗುವ ನೋವಲ್ಲ, ಟೈಮ್ ಬೇಕು. ಗೋದಾಳ ಮೇಲೆ ಸಿಟ್ಟೂ ಇನ್ನೂ ಇದೆ. ಅವಳಿಗೂ ಟೈಮ್ ಬೇಕು.

ಹತ್ತಕ್ಕೆ ನಾನೇ ಬೆಳಗಾವಿಗೆ ಫೋನ್ ಹಚ್ಚಿದೆ. ಯಾರೂ ಟಿ.ವಿ. ಜೋರು ಮಾಡಲಿಲ್ಲ. ವೈನಿ ಎತ್ತಿದರು. "ಹಲೋ! ಯಾರೂ! ಜೋರ ಮಾತಾಡ್ರೀ!" ಕಿವುಡನ ಜೊತೆ ಸಂಸಾರ ಮಾಡಿದ ಗಂಟಲು, ಇನ್ನೂ ಇಳಿದಿಲ್ಲ. ನಾನೂ ಕೂಗಿದೆ.

"ವೈನೀ, ನಾನು ಶ್ಯಾಮೂ! ನನಗ ಹೇಳಿದ್ರು!"

ಆಮೇಲೆ ಬೈಗುಳ ಶುರು. ನನಗಲ್ಲ, ಅಣ್ಣನಿಗೆ. ಅರ್ಧ ಕಪ್ ಚಹಾ ಬಿಟ್ಟು ಹೋದನಂತೆ. ಕಪಾಟಿನ ಕೀಲಿ ಎಲ್ಲಿಟ್ಟ ಅಂತ ಹೇಳದೆ ಹೋದನಂತೆ. "ನಿನ್ನ ಬಿಟ್ಟ ಯಾರ ಮುಂದ ಅವರನ್ನ ಬೈಲೋ ಶ್ಯಾಮೂ! ನಿನಗ ಫೋನ್ ಮಾಡಬ್ಯಾಡ ಅಂದಿದ್ರೋ!" ನಗು ಬಂತು. ನಕ್ಕರೆ ಎದೆ ಹರಿಯುತ್ತದೆ. ಗೋದಾ ದಿಂಬು ತಂದುಕೊಟ್ಟಳು. ಅವುಚಿಕೊಂಡೆ. ನಗು ಯಾವಾಗ ಅಳುವಾಯಿತೋ ತಿಳಿಯಲಿಲ್ಲ. ಗೋದಾ ನನ್ನ ಪಕ್ಕದಲ್ಲೇ ಕೂತು ಅತ್ತಳು, ಜೋರಾಗಿ. ಯಾರೂ ನಲ್ಲಿ ಬಿಡಲಿಲ್ಲ.

ಅಣ್ಣ ಪುಣೆಗೆ ಟಿಕೆಟ್ ತೆಗೆಸಿದ್ದನಂತೆ, ಆಪರೇಷನ್ನಿಗೆ ಮೊದಲೇ. ಈ ಥಂಡಿಯಲ್ಲಿ ಯಾಕೆ ಅಂತ ವೈನಿ ಕೇಳಿದ್ದಕ್ಕೆ ಅಂದನಂತೆ— "ಎಲ್ಲಾರೂ ಅವನ ಬಿ.ಪಿ. ಕೇಳತಾರ, ಶುಗರ್ ಕೇಳತಾರ. ಅಂಜಿಕಿ ಆಗೇದೇನೋ ಅಂತ ಯಾರೂ ಕೇಳೂದಿಲ್ಲ. ಅಂವಾ ಅಂಜಿದಾಗೆಲ್ಲಾ ಸಿಟ್ಟ ಮಾಡತಾನ, ಸಣ್ಣಾಂವ ಇದ್ದಾಗಿಂದ. ನಾನ ಹೋಗಿ ಕೇಳತೀನಿ."

ಆಗಿತ್ತು, ಅಣ್ಣಾ. ಭಾಳ ಅಂಜಿಕೆ ಆಗಿತ್ತು. ಆ ಹಸಿರು ಅಂಗಿ ತೊಡಿಸಿ ಗಾಲಿಯ ಮಂಚ ನೂಕಿಕೊಂಡು ಹೊರಟಾಗ, ಬಾಗಿಲು ದಾಟುವಾಗ, ನಾನು ನಿನ್ನನ್ನ ಮನಸ್ಸಿನಲ್ಲೇ ಕೂಗಿ ಕರೆದೆ.